ಹಾಲು ಬಿಡಿಸಬೇಡಿ, ತಾಯಿಗೆ ಔಷಧಿ ಕೊಡಿಸಿ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಊರುಗಳಲ್ಲಿ, ಆರೋಗ್ಯ ಕಾರ್ಯಕರ್ತೆಯಾಗಿ ಮನೆ ಮನೆ ತಿರುಗುವ ನನಗೆ ಮಳೆಗಾಲ ಶುರುವಾದರೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕೇಳುವವರು ಹೆಚ್ಚಾಗಿ ಬಾಣಂತಿಯರಲ್ಲ, ಅವರ ಅತ್ತೆಯಂದಿರು. "ಆಕಿ ಹೊಟ್ಟ್ಯಾಗ ಹುಳ ಅದಾವ್ರಿ ಸಿಸ್ಟರ್, ಕೂಸಿಗೆ ಮಲಿ ಬಿಡಸೂನೇನ್ರಿ?" ಎಂದು ಅವರು ಕೇಳುವಾಗ ಅವರ ಮುಖದಲ್ಲಿ ಇರುವುದು ಮೊಮ್ಮಗುವಿನ ಮೇಲಿನ ಕಾಳಜಿಯೇ ಹೊರತು ಸೊಸೆಯ ಮೇಲಿನ ಸಿಟ್ಟಲ್ಲ. ಆದರೆ ಅಷ್ಟೊಂದು ಕಾಳಜಿಯಿಂದ ಕೈಗೊಂಡ ಆ ಒಂದು ನಿರ್ಧಾರದಿಂದ ಮಗುವಿಗೆ ಆಗುವ ಹಾನಿಯನ್ನು ಕಣ್ಣಾರೆ ಕಂಡಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿದೆ.

ಮೊದಲು ಪ್ರಶ್ನೆಗೆ ನೇರ ಉತ್ತರ ಹೇಳಿಬಿಡುತ್ತೇನೆ. ಹಾಲು ಬಿಡಿಸಬಾರದು. ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳು ಬೆಳೆದು ನೆಲೆಸುವುದು ಕರುಳಿನಲ್ಲಿ. ಅವು ಇಡುವ ಮೊಟ್ಟೆಗಳು ಹೊರಗೆ ಬರುವುದು ಮಲದಲ್ಲಿ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆಯಾದರೂ ಆಗತಾನೇ ಹೊರಬಿದ್ದ ಮೊಟ್ಟೆಯಿಂದ ಯಾರಿಗೂ ಸೋಂಕು ತಗುಲುವುದಿಲ್ಲ. ಅದು ತೇವವಿರುವ ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿತ ಮೇಲೆಯೇ, ಕೈಗೋ ಸೊಪ್ಪಿಗೋ ನೀರಿಗೋ ಅಂಟಿಕೊಂಡು ಬಾಯಿ ಸೇರಿದಾಗ ಮಾತ್ರ, ಮತ್ತೊಬ್ಬರ ಹೊಟ್ಟೆಯಲ್ಲಿ ಹುಳುವಾಗುತ್ತದೆ. ಹೀಗಿರುವಾಗ ತಾಯಿಯ ಕರುಳಿನಲ್ಲಿರುವ ದುಂಡುಹುಳು ಎದೆಹಾಲಿಗೆ ಇಳಿಯುವುದಕ್ಕೆ ದಾರಿಯೇ ಇಲ್ಲ. ಇದಕ್ಕೆ ಹೊರತಾದ ಒಂದು ಜಾತಿಯೂ ಇದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ: 1977ರಲ್ಲಿ ಆಫ್ರಿಕಾದ ಅಂದಿನ ಜೈರ್ ದೇಶದಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಗುಂಪಿಗೆ ಸೇರಿದ ಹುಳುವಿನ ಮರಿಯನ್ನು ತಾಯಿಯ ಹಾಲಿನಲ್ಲಿ ಕಂಡದ್ದು ವರದಿಯಾಗಿದೆ. ನಾಯಿಗಳ ಕೊಕ್ಕೆಹುಳು ಹಾಲಿನ ಮೂಲಕ ಮರಿಗಳಿಗೆ ದಾಟುವುದೂ ಚೆನ್ನಾಗಿ ಗೊತ್ತಿರುವ ಸಂಗತಿ. ಇವೆರಡನ್ನೂ ಇಟ್ಟುಕೊಂಡು ನಮ್ಮೂರ ಬಾಣಂತಿಯ ಹಾಲನ್ನು ಅನುಮಾನಿಸುವುದಕ್ಕೆ ಆಧಾರವಿಲ್ಲ.

ಅನುಮಾನಿಸುವುದಿರಲಿ, ಆ ಹಾಲೇ ಮಗುವಿಗೆ ಇರುವ ದೊಡ್ಡ ರಕ್ಷಣೆ. ನೀರಿನಿಂದ ಹರಡುವ ಜಿಯಾರ್ಡಿಯಾ ಎಂಬ, ಬರಿಗಣ್ಣಿಗೆ ಕಾಣದ ಪರಾವಲಂಬಿಯನ್ನು ಮನುಷ್ಯರ ಎದೆಹಾಲು ಪ್ರಯೋಗಾಲಯದಲ್ಲಿಯೇ ಕೊಲ್ಲುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು 1983ರಲ್ಲಿ ತೋರಿಸಿಕೊಟ್ಟರು. ಹಾಲಿನಲ್ಲಿರುವ ಕೊಬ್ಬನ್ನು ಜೀರ್ಣಿಸುವ ಕಿಣ್ವದ ಕೆಲಸದಿಂದ ಬಿಡುಗಡೆಯಾಗುವ ಅಂಶಗಳು ಅದನ್ನು ನಾಶಮಾಡುತ್ತವೆ. ಇದಲ್ಲದೆ, ತಾಯಿಗೆ ಹಿಂದೆ ತಗುಲಿದ ಸೋಂಕುಗಳ ವಿರುದ್ಧ ಅವಳ ದೇಹ ತಯಾರಿಸಿದ ಪ್ರತಿಕಾಯಗಳು ಹಾಲಿನಲ್ಲಿ ಇಳಿದು ಮಗುವಿನ ಕರುಳಿನ ಒಳಗೋಡೆಯನ್ನು ಕಾಯುತ್ತವೆ. ಅಂದರೆ ತಾಯಿಗೆ ಒಮ್ಮೆ ತಗುಲಿದ ರೋಗವೇ ಮಗುವಿಗೆ ಒಂದು ಬಗೆಯ ಕಾವಲನ್ನು ಕೊಟ್ಟಿರುತ್ತದೆ. ಇಂಥ ಹಾಲನ್ನು ನಿಲ್ಲಿಸಿ, ಅದರ ಬದಲಿಗೆ ಎಮ್ಮೆ ಹಾಲಿಗೆ ಕೊಡದ ನೀರು ಬೆರೆಸಿ, ಸರಿಯಾಗಿ ಕುದಿಸದ ಬಾಟಲಿಯಲ್ಲಿ ಹಾಕಿ ಮಗುವಿನ ಬಾಯಿಗಿಟ್ಟರೆ, ಯಾವ ಹುಳುವಿಗೆ ಹೆದರಿ ಹಾಲು ಬಿಡಿಸಿದರೋ ಅಂಥದ್ದೇ ಸೋಂಕಿಗೆ ಬಾಗಿಲು ತೆರೆದಂತಾಗುತ್ತದೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡಬೇಡಿ, ಗುಟ್ಟಿಯನ್ನಾಗಲಿ ಸಕ್ಕರೆ ನೀರನ್ನಾಗಲಿ ಹಾಕಬೇಡಿ ಎಂದು ನಾವು ಪಟ್ಟು ಹಿಡಿದು ಹೇಳುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ತಾಯಿಯ ಹೊಟ್ಟೆಯ ಹುಳುವಿನಿಂದ ತೊಂದರೆಯೇ ಇಲ್ಲವೇ ಎಂದರೆ, ಇದೆ, ಬಹಳವೇ ಇದೆ. ಆದರೆ ಅದು ಇರುವುದು ಹಾಲಿನಲ್ಲಲ್ಲ, ತಾಯಿಯ ರಕ್ತದಲ್ಲಿ.

ಜುಲೈ ತಿಂಗಳ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟರೆ ನಮ್ಮಲ್ಲಿ ಭತ್ತದ ನಾಟಿ ಶುರು. ಕೂಲಿಯ ಮೇಲೆಯೇ ಬದುಕುವ ಮನೆಗಳಲ್ಲಿ ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೇ ಬಾಣಂತಿ ಗದ್ದೆಗೆ ಇಳಿಯುತ್ತಾಳೆ. ಮಗುವನ್ನು ಬದುವಿನ ಪಕ್ಕದ ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿಸಿ, ಕಾಯುವುದಕ್ಕೆ ಏಳೆಂಟು ವರ್ಷದ ಅಕ್ಕನನ್ನೋ ವಯಸ್ಸಾದ ಅಜ್ಜಿಯನ್ನೋ ಕೂರಿಸಿರುತ್ತಾರೆ. ದಿನವಿಡೀ ಗದ್ದೆಯಲ್ಲಿರುವ ಹೆಂಗಸರಿಗೆ ಶೌಚಕ್ಕೆ ಮರೆ ಸಿಗುವುದು ಬಳ್ಳಾರಿ ಜಾಲಿಯ ಪೊದೆಗಳ ಹಿಂದೆ ಅಥವಾ ಕಾಲುವೆಯ ಏರಿಯ ಕೆಳಗೆ ಮಾತ್ರ. ಎಲ್ಲರೂ ಹೋಗುವ ಜಾಗ ಅದೇ, ಎಲ್ಲರೂ ಹೋಗುವುದು ಬರಿಗಾಲಿನಲ್ಲೇ. ಕೊಕ್ಕೆಹುಳುವಿನ ಮೊಟ್ಟೆ ನೆರಳಿರುವ, ತೇವವಿರುವ ನೆಲದಲ್ಲಿ ಒಂದೆರಡು ದಿನದಲ್ಲಿ ಒಡೆದು, ಐದರಿಂದ ಹತ್ತು ದಿನದೊಳಗೆ ಮರಿ ಚರ್ಮವನ್ನು ಕೊರೆಯುವಷ್ಟು ಬಲಿಯುತ್ತದೆ. ನೀರು ನಿಂತ ಗದ್ದೆಯ ಕೆಸರು ಅದಕ್ಕೆ ಅಷ್ಟು ಹಿತವಲ್ಲ, ಗಾಳಿಯಾಡದ ಕಡೆ ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ. ಅಪಾಯ ಇರುವುದು ಬದುವಿನಲ್ಲಿ, ಏರಿಯ ಬುಡದಲ್ಲಿ, ಜಾಲಿಯ ನೆರಳಿನಲ್ಲಿ. ಗಟ್ಟಿಯಾಗಿ ಅಂಟುವ ಎರೆ ನೆಲಕ್ಕಿಂತ ಸಡಿಲವಾದ ಮಸಾರಿ ನೆಲ ಈ ಮರಿಗಳಿಗೆ ಇನ್ನೂ ಅನುಕೂಲ. ಆದ್ದರಿಂದಲೇ ಗದ್ದೆಯೊಳಗೆ ಚಪ್ಪಲಿ ಹಾಕಿಕೊಂಡು ನಾಟಿ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಆಗದ ಮಾತು ಅದು. ಬದುವಿನ ಮೇಲೆ ಬಿಟ್ಟ ಚಪ್ಪಲಿಯನ್ನು ಜಾಲಿಯ ಕಡೆ ಹೋಗುವಾಗ ಮೆಟ್ಟಿಕೊಂಡು ಹೋಗಿ ಎಂದಷ್ಟೇ ಹೇಳುತ್ತೇನೆ.

ನಾಟಿ ಮುಗಿಸಿ ಬಂದ ಹೆಂಗಸಿನ ಪಾದವನ್ನು ಒಮ್ಮೆ ಹತ್ತಿರದಿಂದ ನೋಡಿ. ಬೆರಳ ಸಂದಿಯ ಚರ್ಮ ನೀರಿನಲ್ಲಿ ನೆನೆದು ಬಿಳಿಚಿಕೊಂಡಿರುತ್ತದೆ, ಹಿಮ್ಮಡಿಯ ಒಡಕುಗಳಲ್ಲಿ ಕೆಸರು ಕರ್ರಗೆ ಕೂತಿರುತ್ತದೆ, ಆ ನಡುವೆ ಸಾಸಿವೆಯಷ್ಟು ದೊಡ್ಡ ಕೆಂಪು ಗುಳ್ಳೆಗಳು ಎದ್ದು ರಾತ್ರಿ ನಿದ್ದೆಗೆಡಿಸುವಂತೆ ತುರಿಸುತ್ತಿರುತ್ತವೆ. ಕೆಸರಿನಿಂದಲೂ ಹೀಗಾಗುತ್ತದೆ, ಹುಳುವಿನ ಮರಿ ಒಳಹೊಕ್ಕ ಜಾಗದಲ್ಲೂ ಹೀಗೇ ಆಗುತ್ತದೆ. ನೋಡಿದ ಮಾತ್ರಕ್ಕೆ ಬೇರ್ಪಡಿಸಿ ಹೇಳುವುದು ಕಷ್ಟ. ಕೊಬ್ಬರಿ ಎಣ್ಣೆಗೆ ಅರಿಶಿಣ ಕಲಸಿ ಹಚ್ಚಿದರೆ ನಾಲ್ಕು ದಿನಕ್ಕೆ ತುರಿಕೆ ತಗ್ಗುತ್ತದೆ, ಎಲ್ಲರೂ ಮರೆತುಬಿಡುತ್ತಾರೆ. ಅಷ್ಟರಲ್ಲಿ ಮರಿ ರಕ್ತದ ಜೊತೆ ಶ್ವಾಸಕೋಶ ಸೇರಿ, ಅಲ್ಲಿಂದ ಗಂಟಲಿಗೆ ಹತ್ತಿ, ಎಂಜಲಿನೊಂದಿಗೆ ನುಂಗಲ್ಪಟ್ಟು ಸಣ್ಣ ಕರುಳಿಗೆ ಬಂದು ಕಚ್ಚಿಕೊಂಡಿರುತ್ತದೆ.

ಈಗ ಲೆಕ್ಕ ನೋಡೋಣ. ಕೊಕ್ಕೆಹುಳುವಿನಲ್ಲಿ ಮನುಷ್ಯರನ್ನು ಕಾಡುವ ಮುಖ್ಯ ಜಾತಿಗಳು ಎರಡು. ನೆಕೇಟರ್ ಎಂಬುದು ಒಂದು ಹುಳುವಿಗೆ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತವನ್ನು ಹಾಳುಮಾಡಿದರೆ, ಆಂಕಿಲೋಸ್ಟೋಮ ಎಂಬುದು ಅದರ ಐದಾರು ಪಟ್ಟು, ಅಂದರೆ ಸುಮಾರು 0.15ರಿಂದ 0.2 ಮಿಲಿಲೀಟರ್ ಹಾಳುಮಾಡುತ್ತದೆ. ಎರಡನೆಯ ಜಾತಿಯ ಮೂವತ್ತು ಹುಳುಗಳು ಒಬ್ಬ ತಾಯಿಯ ಕರುಳಿನಲ್ಲಿದ್ದರೆ ದಿನಕ್ಕೆ ನಾಲ್ಕೂವರೆ ಮಿಲಿಲೀಟರಿಗೆ ಕಡಿಮೆಯಿಲ್ಲದ ರಕ್ತ ಹೋಗುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಂ ಇರುವ ಹೆಂಗಸಿನ ಅಷ್ಟು ರಕ್ತದಲ್ಲಿ ಸುಮಾರು ಒಂದೂವರೆ ಮಿಲಿಗ್ರಾಂ ಕಬ್ಬಿಣದ ಅಂಶ ಇರುತ್ತದೆ. ಅದರಲ್ಲಿ ಒಂದು ಪಾಲನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ ಎಂದುಕೊಂಡರೂ, ತಾಯಿ ತನ್ನ ಹಾಲಿನ ಮೂಲಕ ಮಗುವಿಗೆ ದಿನಕ್ಕೆ ಕೊಡುವ ಕಬ್ಬಿಣ ಹೆಚ್ಚೆಂದರೆ 0.3 ಮಿಲಿಗ್ರಾಂ ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಹೊತ್ತು ಹೆತ್ತ ಮಗುವಿನ ಪಾಲಿಗಿಂತ ಹುಳುವಿನ ಪಾಲೇ ಹೆಚ್ಚು. ಅದೂ ಒಂದು ದಿನದ ಮಾತಲ್ಲ. ಕೊಕ್ಕೆಹುಳು ಕರುಳಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ.

ಹೆರಿಗೆಯ ಹೊತ್ತಿಗೆ ಹತ್ತರ ಮೇಲಿದ್ದ ಹಿಮೋಗ್ಲೋಬಿನ್ ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಎಂಟರ ಆಸುಪಾಸಿಗೆ ಇಳಿದಿರುವ ತಾಯಂದಿರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಎಲ್ಲಕ್ಕೂ ಹುಳುವೇ ಕಾರಣವಲ್ಲ: ಹೆರಿಗೆಯಲ್ಲಿ ಹೋದ ರಕ್ತ, ಬಾಣಂತಿಗೆ ಸೊಪ್ಪು ಕಾಳು ಕೊಡಬಾರದೆಂಬ ಪಥ್ಯ, ಮಧ್ಯದಲ್ಲೇ ಬಿಟ್ಟ ಕಬ್ಬಿಣಾಂಶದ ಗುಳಿಗೆ, ಎಲ್ಲವೂ ಸೇರಿರುತ್ತವೆ. ಆದರೆ ಉಳಿದವನ್ನು ಕೇಳುವ ನಾವು ಹುಳುವಿನ ವಿಷಯವನ್ನು ಕೇಳುವುದೇ ಅಪರೂಪ. ರಕ್ತ ಕಡಿಮೆಯಾದ ಮಾತ್ರಕ್ಕೆ ಹಾಲಿನಲ್ಲಿರುವ ಕಬ್ಬಿಣ ತಕ್ಷಣ ಕುಸಿಯುವುದಿಲ್ಲ. ತಾಯಿಯ ದೇಹ ತನ್ನನ್ನು ಸೋಲಿಸಿಕೊಂಡಾದರೂ ಮಗುವಿನ ಪಾಲನ್ನು ಉಳಿಸುತ್ತದೆ. ಸೋಲುವುದು ಅವಳ ಕೈಕಾಲು. ಮೆಟ್ಟಿಲು ಹತ್ತಿದರೆ ಏದುಸಿರು, ಮಗುವನ್ನು ಎತ್ತಿಕೊಂಡರೆ ಕಣ್ಣು ಕತ್ತಲೆ, ರಾತ್ರಿ ಎದ್ದು ಹಾಲುಣಿಸುವುದಕ್ಕೂ ಆಗದಷ್ಟು ಸುಸ್ತು. ಹಾಲುಣಿಸುವ ಸಲಗಳು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ, ಆಗ ಮನೆಯವರು ಆಕೆಗೆ ಹಾಲೇ ಇಲ್ಲ ಎನ್ನುತ್ತಾರೆ, ಬಾಟಲಿ ಬರುತ್ತದೆ. ಹುಳು ಹಾಲಿನ ಮೂಲಕ ಮಗುವನ್ನು ತಲುಪದಿದ್ದರೂ ಈ ಸುತ್ತುದಾರಿಯಲ್ಲಿ ತಲುಪಿಯೇ ಬಿಡುತ್ತದೆ.

ಇಷ್ಟಾದರೂ ಇದಕ್ಕೆ ಇರುವ ಔಷಧಿ ಒಂದು ಗುಳಿಗೆ. ಆಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. 2015ರಿಂದ ದೇಶದಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಗುಳಿಗೆ ಕೊಡುತ್ತೇವೆ. ಗರ್ಭಿಣಿಗೆ ಮೊದಲ ಮೂರು ತಿಂಗಳು ಕಳೆದ ಮೇಲೆ ಒಂದು ಗುಳಿಗೆ ಕೊಟ್ಟು ತಾಯಿ ಕಾರ್ಡಿನಲ್ಲಿ ಬರೆಯುತ್ತೇವೆ. ಈ ಎರಡು ಪಟ್ಟಿಗಳ ನಡುವೆ ಇಪ್ಪತ್ತೆರಡು, ಇಪ್ಪತ್ತನಾಲ್ಕು ವರ್ಷದ ಹಾಲುಣಿಸುವ ತಾಯಿ ಬಿಟ್ಟುಹೋಗುತ್ತಾಳೆ. ಅಂಗನವಾಡಿಗೆ ದೊಡ್ಡ ಮಗುವನ್ನು ಕರೆತಂದು, ಅದರ ಬಾಯಿಗೆ ಗುಳಿಗೆ ಹಾಕಿಸಿ, ಕಂಕುಳಲ್ಲಿ ಸಣ್ಣ ಕೂಸನ್ನು ಹೊತ್ತು ಅವಳು ಹಾಗೇ ಮನೆಗೆ ಮರಳುತ್ತಾಳೆ. ಗದ್ದೆಯಲ್ಲಿ ಬರಿಗಾಲಿನಲ್ಲಿ ನಡೆಯುವವಳು ಅವಳೇ, ಗುಳಿಗೆ ಇಲ್ಲದಿರುವುದೂ ಅವಳಿಗೇ. ಇದು ನನ್ನನ್ನು ಬಹಳ ಕಾಡುತ್ತದೆ.

ಹಾಲುಣಿಸುವವಳಿಗೆ ಗುಳಿಗೆ ಕೊಟ್ಟರೆ ಮಗುವಿಗೆ ಏನಾದರೂ ಆದೀತು ಎಂಬ ಅಂಜಿಕೆ ನಮ್ಮವರಲ್ಲಿ ಕೆಲವರಿಗೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹುಳುವಿನ ಔಷಧಿ ಬೇಕಾದವರ ಗುಂಪಿನಲ್ಲಿ ಹಾಲುಣಿಸುವ ತಾಯಂದಿರನ್ನೂ ಸೇರಿಸಿದೆ. ಒಂದು ಸಲದ ಗುಳಿಗೆಯಿಂದ ಹಾಲಿಗೆ ಇಳಿಯುವ ಔಷಧಿಯ ಪ್ರಮಾಣ ಬಹಳ ಅಲ್ಪ. ಅದಕ್ಕಾಗಿ ಹಾಲು ನಿಲ್ಲಿಸುವ ಅಗತ್ಯವಿಲ್ಲ. ಆಕೆ ಮತ್ತೆ ಬಸಿರಾಗಿ ಮೊದಲ ಮೂರು ತಿಂಗಳಲ್ಲಿ ಇಲ್ಲ ಎಂಬುದನ್ನು ಮಾತ್ರ ಖಚಿತಪಡಿಸಿಕೊಂಡು ವೈದ್ಯರನ್ನು ಕೇಳಿ ಕೊಡಿಸಬೇಕು. ಇದರ ಜೊತೆಗೇ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ದಕ್ಷಿಣ ಅಮೆರಿಕದ ಪೆರು ದೇಶದ ಇಕ್ವಿಟೋಸ್ ಎಂಬಲ್ಲಿ ಸಾವಿರಕ್ಕೂ ಹೆಚ್ಚು ಬಾಣಂತಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆರಿಗೆಯಾದ ಕೂಡಲೇ ಆಲ್ಬೆಂಡಜೋಲ್ ಕೊಟ್ಟು ಅಧ್ಯಯನ ಮಾಡಿದಾಗ, ಆರು ತಿಂಗಳಿಗೆ ಎರಡೂ ಗುಂಪಿನ ಶಿಶುಗಳ ತೂಕದಲ್ಲಿ ಒಟ್ಟಾರೆಯಾಗಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ ತಾಯಿ ಗುಳಿಗೆ ತಿಂದರೆ ಮಗು ದಪ್ಪವಾಗುತ್ತದೆ ಎಂದು ಆಸೆ ಹುಟ್ಟಿಸಿ ಗುಳಿಗೆ ತಿನ್ನಿಸುವುದು ಸರಿಯಲ್ಲ. ತಾಯಿಗೆ ಗುಳಿಗೆ ಕೊಡಬೇಕಾದದ್ದು ತಾಯಿಗಾಗಿ. ಅವಳ ರಕ್ತ ಅವಳಿಗೆ ಉಳಿಯಲಿ ಎಂಬುದೇ ಸಾಕಾದಷ್ಟು ದೊಡ್ಡ ಕಾರಣ. ಹೆರಿಗೆಯ ನಂತರ ಆರು ತಿಂಗಳು, ಅಂದರೆ 180 ದಿನ, ದಿನಕ್ಕೊಂದರಂತೆ ನುಂಗಬೇಕಾದ ಕಬ್ಬಿಣಾಂಶದ ಕೆಂಪು ಗುಳಿಗೆಯೂ ಹಾಗೆಯೇ. ಮಲ ಕಪ್ಪಾಗುತ್ತದೆ ಎಂದು ಹೆದರಿ ಅದನ್ನು ಗೂಡಿನಲ್ಲಿಟ್ಟು ಮರೆಯಬಾರದು. ಒಳಗೆ ಹುಳು ರಕ್ತ ಹೀರುತ್ತಿರುವಾಗ ಬರೀ ಕಬ್ಬಿಣದ ಗುಳಿಗೆ ನುಂಗಿದರೂ ಪೂರ್ತಿ ಫಲ ಸಿಗುವುದಿಲ್ಲ, ಎರಡೂ ಬೇಕು.

ಇನ್ನು ಮಗುವಿನ ಮಾತು. ಆರು ತಿಂಗಳ ಹೊತ್ತಿಗೆ ಮೂರು ಸಂಗತಿಗಳು ಒಟ್ಟಿಗೆ ಕೂಡಿಬರುತ್ತವೆ. ಹುಟ್ಟುವಾಗ ತಂದ ಕಬ್ಬಿಣದ ದಾಸ್ತಾನು ಮುಗಿಯುತ್ತದೆ, ಮೇಲಿನ ಊಟ ಶುರುವಾಗುತ್ತದೆ, ಮಗು ಅಂಬೆಗಾಲಿಟ್ಟು ನೆಲದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಹಲ್ಲು ಮೊಳೆಯುವುದೂ ಇದೇ ಸಮಯದಲ್ಲಿ. ಆದ್ದರಿಂದಲೇ ಈ ವಯಸ್ಸಿನ ಭೇದಿಯನ್ನು "ಹಲ್ಲ ಬರಾಕತ್ಯಾವ, ಅದಕ್ಕ" ಎಂದು ಮನೆಯವರು ಸುಮ್ಮನಾಗುತ್ತಾರೆ. ಹಲ್ಲಿನಿಂದ ಭೇದಿಯಾಗುವುದಿಲ್ಲ. ಕೆರೆಗೆ ತುಂಬಿಸಿದ ಕಾಲುವೆ ನೀರನ್ನು ಕುದಿಸದೆ ಅದರಲ್ಲಿ ಬಿಸ್ಕತ್ತು ನೆನೆಸಿ ತಿನ್ನಿಸಿದರೆ, ಅಂಗಳದ ಮಣ್ಣು ಮೆತ್ತಿದ ಬೆರಳು ಬಾಯಿಗೆ ಹೋದರೆ ಆಗುತ್ತದೆ. ಜಿಯಾರ್ಡಿಯಾ ತಗುಲಿದ ಮಗುವಿಗೆ ಜ್ವರ ಇರದಿರಬಹುದು. ಮಲ ಜಿಡ್ಡಾಗಿ, ಕೆಟ್ಟ ವಾಸನೆಯಿಂದ ಕೂಡಿ, ಎರಡು ಮೂರು ವಾರ ಬಿಟ್ಟೂಬಿಡದೆ ಹೋಗುತ್ತದೆ, ಹೊಟ್ಟೆ ಉಬ್ಬುತ್ತದೆ, ತೂಕ ನಿಂತುಬಿಡುತ್ತದೆ. ರಾತ್ರಿ ಹಲ್ಲು ಕಡಿಯುವುದನ್ನು ಹುಳುವಿನ ಗುರುತೆಂದು ಹೇಳುವುದುಂಟು, ಅದಕ್ಕೆ ಆಧಾರವಿಲ್ಲ. ತೂಕ ನಿಂತದ್ದನ್ನು ಮಾತ್ರ ಯಾರೂ ಹಗುರವಾಗಿ ಕಾಣಬಾರದು.

ಭೇದಿ ಯಾವುದೇ ಕಾರಣದಿಂದ ಬಂದಿರಲಿ, ಎದೆಹಾಲು ಮುಂದುವರಿಸಿ, ಓಆರ್‌ಎಸ್ ಕುಡಿಸಿ, ಸತುವಿನ ಗುಳಿಗೆಯನ್ನು ಹದಿನಾಲ್ಕು ದಿನ ಕೊಡಬೇಕು. ಆರು ತಿಂಗಳೊಳಗಿನ ಮಗುವಿಗೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡದಕ್ಕೆ 20 ಮಿಲಿಗ್ರಾಂ. ಆರು ತಿಂಗಳು ತುಂಬಿದ ಮಗುವಿಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣಾಂಶದ ಸಿರಪ್ ನಮ್ಮಲ್ಲೇ ಸಿಗುತ್ತದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಇರುವುದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಂಡುಬಂದ ಮೇಲೂ ಆ ಬಾಟಲಿ ಅನೇಕ ಮನೆಗಳಲ್ಲಿ ಮುಚ್ಚಳ ತೆರೆಯದೆ ಕೂತಿರುವುದು ನೋವಿನ ಸಂಗತಿ. ಹುಳುವಿನ ಗುಳಿಗೆಯನ್ನು ಒಂದು ವರ್ಷ ತುಂಬುವವರೆಗೆ ಮನೆಯಲ್ಲಿ ತಾವಾಗಿಯೇ ಕೊಡಬಾರದು. ಒಂದರಿಂದ ಎರಡು ವರ್ಷದವರಿಗೆ ಅರ್ಧ ಗುಳಿಗೆ, ಅದನ್ನೂ ಪುಡಿ ಮಾಡಿ ಶುದ್ಧ ನೀರಿನಲ್ಲಿ ಕಲಸಿ ಚಮಚದಲ್ಲಿ. ಅಳುವ ಮಗುವಿನ ಮೂಗು ಹಿಡಿದು ಇಡೀ ಗುಳಿಗೆಯನ್ನು ತುರುಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೂ ಒಂದು ಮಾತು: ಹುಳು ಸಾಯಲಿ ಎಂದು ಹಸುಗೂಸಿಗೆ ಬೇವಿನೆಣ್ಣೆ ಕುಡಿಸುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಬೇವಿನೆಣ್ಣೆ ಕುಡಿದ ಶಿಶುಗಳಿಗೆ ವಾಂತಿ, ಮಂಪರು, ಸೆಳೆತ ಬಂದು ಪ್ರಾಣಕ್ಕೇ ಅಪಾಯವಾದದ್ದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ.

ಕೂಸಿನ ಮಲಕ್ಕೆ ಹೊಲಸಿಲ್ಲ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಹಿತ್ತಲಿನ ತಿಪ್ಪೆಗೆ ಎಸೆದು, ಕೈಯನ್ನು ಅಲ್ಲೇ ಮಣ್ಣಿಗೆ ಉಜ್ಜಿ, ನೀರಲ್ಲಿ ಅದ್ದಿ, ಸೀರೆಯ ಸೆರಗಿಗೆ ಒರೆಸಿಕೊಂಡು ರೊಟ್ಟಿ ತಟ್ಟಲು ಕೂರುತ್ತಾರೆ. ದುಂಡುಹುಳುವಿನ ಮೊಟ್ಟೆ ವರ್ಷಗಟ್ಟಲೆ ಜೀವ ಹಿಡಿದಿರುವುದು ಆ ಮಣ್ಣಿನಲ್ಲೇ, ಅದರ ಮೇಲ್ಪದರ ಅಂಟಂಟಾಗಿರುವುದರಿಂದ ನೀರಲ್ಲಿ ಅದ್ದಿದ ಮಾತ್ರಕ್ಕೆ ಉಗುರಿನ ಸಂದಿಯಿಂದ ಬಿಡುವುದಿಲ್ಲ. ಸೋಪು ಹಚ್ಚಿ ತಿಕ್ಕಬೇಕು. ದುಬಾರಿ ಸೋಪು ಬೇಕಿಲ್ಲ, ಬಟ್ಟೆ ಸೋಪಿನ ಚೂರೂ ನಡೆಯುತ್ತದೆ. ಅನೇಕ ಮನೆಗಳಲ್ಲಿ ಕಟ್ಟಿಸಿಕೊಂಡ ಶೌಚಾಲಯದೊಳಗೆ ಕಟ್ಟಿಗೆಯೋ ಮೇವಿನ ಚೀಲವೋ ತುಂಬಿರುತ್ತದೆ. ಬೇಸಿಗೆಯಲ್ಲಿ ಎರಡು ಕೊಡ ನೀರಿಗೆ ಅಲೆಯುವ ಮನೆಯವರನ್ನು ಅದಕ್ಕಾಗಿ ಬೈಯುವುದು ಸುಲಭ, ಆದರೆ ನೀರಿನ ವ್ಯವಸ್ಥೆ ಇಲ್ಲದೆ ಗೋಡೆಯಷ್ಟೇ ಕಟ್ಟಿಕೊಟ್ಟರೆ ಅದು ಶೌಚಾಲಯವಾಗುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಗುಳೆ ಹೋಗುವ ಕುಟುಂಬಗಳದ್ದು ಇನ್ನೂ ಕಷ್ಟ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದ ತಾಯಿ ಮಗುವಿನ ಲಸಿಕೆಗೂ ಸಿಗುವುದಿಲ್ಲ, ಗುಳಿಗೆಗೂ ಸಿಗುವುದಿಲ್ಲ. ಹೋಗುವ ಮುನ್ನ ತಾಯಿ ಕಾರ್ಡು ಜೊತೆಯಲ್ಲಿ ಇಟ್ಟುಕೊಳ್ಳಿ, ಅಲ್ಲಿಯೂ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಎಂದು ಹೇಳಿ ಕಳಿಸುತ್ತೇನೆ.

ಮಗುವಿಗೆ ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರದಲ್ಲಿ, ಆಮೇಲೆ ಒಂಬತ್ತು ತಿಂಗಳಿಗೆ ಲಸಿಕೆ ಹಾಕಿಸಲು ತಾಯಿ ನಮ್ಮೆದುರು ಬಂದು ಕೂರುತ್ತಾಳೆ. ಆ ಹೊತ್ತಿನಲ್ಲಿ ಅವಳ ಕಣ್ಣ ರೆಪ್ಪೆ ಇಳಿಸಿ ನೋಡಿ, ಹುಳುವಿನ ಗುಳಿಗೆ ಕೊನೆಗೆ ಯಾವಾಗ ತಿಂದೆ ಎಂದು ಕೇಳುವುದಕ್ಕೆ ಎರಡು ನಿಮಿಷ ಸಾಕು. ಯಾರೂ ಕೇಳದಿದ್ದರೆ ತಾಯಂದಿರೇ ಕೇಳಬೇಕು. ಭೇದಿ ಎರಡು ವಾರ ದಾಟಿದರೆ ಮಲಪರೀಕ್ಷೆ ಮಾಡಿಸಿ: ಒಣಗಿದ, ಶುಚಿಯಾದ ಡಬ್ಬಿಯಲ್ಲಿ, ಮೂತ್ರ ಬೆರೆಯದಂತೆ, ಕಡಲೆಕಾಳಿನಷ್ಟು ಮಲ ಸಾಕು, ಬೇಗ ತಲುಪಿಸಬೇಕು. ಜಿಯಾರ್ಡಿಯಾ ದಿನವೂ ಮಲದಲ್ಲಿ ಕಾಣುವುದಿಲ್ಲವಾದ್ದರಿಂದ ಒಮ್ಮೆ ಇಲ್ಲವೆಂದು ಬಂದರೂ ಮತ್ತೆರಡು ಸಲ ಬೇರೆ ಬೇರೆ ದಿನ ಕೊಡಲು ವೈದ್ಯರು ಹೇಳಬಹುದು. ತಾಯಿಗೆ ಜಿಯಾರ್ಡಿಯಾ ಅಥವಾ ಅಮೀಬಾ ಇದೆಯೆಂದು ಮೆಟ್ರೊನಿಡಜೋಲ್ ಬರೆದುಕೊಟ್ಟರೆ ಮಗುವಿಗೆ ಹಾಲುಣಿಸುತ್ತಿದ್ದೇನೆ ಎಂದು ಅಲ್ಲೇ ಹೇಳಿ. ಈ ಔಷಧಿ ಆಲ್ಬೆಂಡಜೋಲ್‌ಗಿಂತ ಹೆಚ್ಚಾಗಿ ಹಾಲಿಗೆ ಇಳಿಯುತ್ತದೆ. ಒಂದೇ ಸಲ 2 ಗ್ರಾಂ ಕೊಟ್ಟಾಗ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹಾಲನ್ನು ಹಿಂಡಿ ಚೆಲ್ಲಿ, ಮತ್ತೆ ಉಣಿಸಲು ಹೇಳುತ್ತಾರೆ, ಸಣ್ಣ ಪ್ರಮಾಣದಲ್ಲಿ ಹಂಚಿ ಕೊಟ್ಟಾಗ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಯಾವುದನ್ನು ಕೊಟ್ಟಿದ್ದಾರೆ ಎಂಬುದನ್ನು ಕೇಳಿ ತಿಳಿದುಕೊಂಡೇ ಮನೆಗೆ ಬನ್ನಿ. ಮಗುವಿನ ಕಣ್ಣು ಗುಳಿಬಿದ್ದರೆ, ಹಾಲೆಳೆಯುವುದನ್ನು ಬಿಟ್ಟರೆ, ಮಲದಲ್ಲಿ ರಕ್ತ ಕಂಡರೆ, ಎಬ್ಬಿಸಿದರೂ ಕಣ್ಣು ಬಿಡದೆ ಮಂಕಾದರೆ, ಹಗಲೋ ರಾತ್ರಿಯೋ ಎಂದು ನೋಡದೆ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು, ದಾರಿಯುದ್ದಕ್ಕೂ ಓಆರ್‌ಎಸ್ ಚಮಚ ಚಮಚವಾಗಿ ಕುಡಿಸುತ್ತಿರಬೇಕು, ಮಗು ಬಾಯಿ ತೆರೆದಾಗಲೆಲ್ಲ ಎದೆಗೆ ಹಾಕಿಕೊಳ್ಳಬೇಕು.